ಪೆಟ್ಟಿಗೆ ಸಾಹೇಬರ ಹಾರಾಟ

"ಗಾಜಿನ ದೀಪಗುಚ್ಛವನ್ನ ಪೆಟ್ಟಿಗೆಗೆ ಹಾಕಿ ಮೂರು ಸಮುದ್ರ ದಾಟಿಸಿದವನು ಕಣೇ ನಾನು! ಒಂದು ಹರಳು ಅಲುಗಾಡಲಿಲ್ಲ! ಒಂಬತ್ತು ತಿಂಗಳ ಕೂಸಿನ ನಾಲ್ಕು ಬಟ್ಟೆ ಕಟ್ಟೋದು ಯಾವ ಮಹಾ ಕೆಲಸ? ನೀನು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ಕೋ. ಈ ಸಲ ಒಂದು ಹುಲ್ಲುಕಡ್ಡಿ ಕೂಡ ನೀನು ಎತ್ತಿಡಬೇಕಾಗಿಲ್ಲ!"

ಹೀಗೆಂದು ಸೊಂಟದ ಮೇಲೆ ಕೈಯಿಟ್ಟು ನಡುಮನೆಯಲ್ಲಿ ನಿಂತು ಘೋಷಿಸಿದವರು ಪೆಟ್ಟಿಗೆ ಸಾಹೇಬರು. ಗಾಜಿನ ಸಾಮಾನಿನ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗಕ್ಕೆ ಅವರೇ ಮೇಲ್ವಿಚಾರಕರು. ಹದಿನಾಲ್ಕು ವರ್ಷಗಳಲ್ಲಿ ಅವರ ಕೈಯಿಂದ ಹೊರಟ ಪೆಟ್ಟಿಗೆಯೊಳಗೆ ಒಂದು ಲೋಟದ ಅಂಚೂ ಮುಕ್ಕಾಗಿರಲಿಲ್ಲ. ಅದಕ್ಕೇ ಕಾರ್ಖಾನೆಯವರು ಅವರಿಗೆ ಆ ಹೆಸರಿಟ್ಟಿದ್ದರು. ಅದು ಬಿರುದೋ ಅಡ್ಡಹೆಸರೋ ಎಂದು ಸಾಹೇಬರು ಯಾವತ್ತೂ ವಿಚಾರಿಸಲು ಹೋಗಿರಲಿಲ್ಲ.

ಅವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರಮ್ಮ. ಉತ್ತರಪತ್ರಿಕೆಯಿಂದ ತಲೆ ಎತ್ತದೆಯೇ ಅವರು ಒಂದು ಮಾತು ಹೇಳಿದರು.

"ದೀಪಗುಚ್ಛ ನಡುದಾರೀಲಿ ವಾಂತಿ ಮಾಡ್ಕೊಳಲ್ಲ ಕಣ್ರೀ."

ಸಾಹೇಬರು ಅದನ್ನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹೊರಟಿದ್ದು ಟೀಚರಮ್ಮನ ತವರಿಗೆ. ವಿಮಾನದಲ್ಲಿ ಎರಡು ಗಂಟೆಯ ದಾರಿ, ಅಲ್ಲಿ ನಾಲ್ಕು ದಿನದ ಠಿಕಾಣಿ. ಅವಸರಕ್ಕೆ ಕಾರಣವಿತ್ತು. ಟೀಚರಮ್ಮನನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ ಅಜ್ಜಿಗೆ ಈಗ ಎಂಬತ್ತಾರು. ಐದಾರು ವರ್ಷದಿಂದ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗಿದ್ದವರು ಮನುಷ್ಯರೋ ಬೀರುವೋ ಎಂದು ಮಾತಾಡಿಸಿಯೇ ತಿಳಿಯಬೇಕಾಗಿತ್ತು. ಕೊನೆಗೂ ಹೇಗೋ ಒಪ್ಪಿಸಿ ಶಸ್ತ್ರಚಿಕಿತ್ಸೆ ಮಾಡಿಸಿದ್ದಾಯಿತು, ಹೊಸ ಕನ್ನಡಕವೂ ಬಂತು. ಅಜ್ಜಿ ಮಾತ್ರ ಅದನ್ನು ಹಾಕಿಕೊಳ್ಳಲು ಸುತರಾಂ ಒಪ್ಪಲಿಲ್ಲ. "ಮೊದಲು ಮರಿಮಗಳ ಮುಖ ನೋಡ್ತೀನಿ. ನಿಮ್ಮ ಮುಖಗಳಿಗೇನು, ಅವೆಲ್ಲಿಗೆ ಓಡಿಹೋಗ್ತವೆ?" ಎಂದು ಕನ್ನಡಕದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಆ ಮರಿಮಗಳೇ ನಮ್ಮ ದೊರೆಸಾನಿ. ವಯಸ್ಸು ಒಂಬತ್ತು ತಿಂಗಳು, ತೂಕ ಎಂಟು ಕಿಲೋ, ಹಲ್ಲು ಎರಡೂವರೆ. ಮನೆಯ ಆಡಳಿತ ಪೂರ್ತಿ ಅವಳದೇ.

ಪ್ರಯಾಣದ ದಿನ ಬೆಳಿಗ್ಗೆ ಆರು ಗಂಟೆಗೇ ಸಾಹೇಬರು ಕೆಲಸಕ್ಕಿಳಿದರು. ಟ್ಯಾಕ್ಸಿ ಬರುವುದು ಹತ್ತಕ್ಕೆ. ಕಾರ್ಖಾನೆಯಿಂದ ತಂದ ಅಗಲ ಟೇಪು, ದಪ್ಪ ಪ್ಲಾಸ್ಟಿಕ್ ಚೀಲಗಳು, ಕೆಂಪು ಚೀಟಿಗಳು ಎಲ್ಲವೂ ನಡುಮನೆಯಲ್ಲಿ ಸಾಲಾಗಿ ಕೂತವು. ಗೋಡೆಗೆ ಒಂದು ಪಟ್ಟಿ ಅಂಟಿಸಿದರು. ಅದರಲ್ಲಿ ಅರವತ್ತೊಂದು ಬಾಬತ್ತು! ಮಗುವಿಗೆ ಟಿಕೆಟ್ಟಿಲ್ಲ, ಸೀಟಿಲ್ಲ, ಒಂದು ಗ್ರಾಂ ಸಾಮಾನಿನ ಹಕ್ಕೂ ಇಲ್ಲ. ಆದರೆ ಪಟ್ಟಿಯ ಐವತ್ತಾರನೆಯ ಸಾಲಿನವರೆಗೂ ಅವಳದೇ ಹೆಸರು.

"ಡೈಪರ್ ಎಷ್ಟು ಇಡ್ತಿದ್ದೀರಿ?" ಟೀಚರಮ್ಮ ಕೇಳಿದರು.

"ಐವತ್ತಾರು. ದಿನಕ್ಕೆ ಎಂಟರ ಹಾಗೆ ಮೂವತ್ತೆರಡು. ಅಕಸ್ಮಾತ್ತಿಗೆ ಹದಿನಾರು. ಅಕಸ್ಮಾತ್ತಿನ ಅಕಸ್ಮಾತ್ತಿಗೆ ಇನ್ನೆಂಟು."

ಟೀಚರಮ್ಮನ ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತು. "ನಾಲ್ಕು ದಿನಕ್ಕೆ ಐವತ್ತಾರು ಅಂದ್ರೆ ಹಗಲೂ ರಾತ್ರಿ ನೂರು ನಿಮಿಷಕ್ಕೊಂದು. ಏನ್ರೀ ಇದು, ಮಗೂನೋ, ಕೆಟ್ಟುಹೋದ ನಲ್ಲೀನೋ?"

"ಲೆಕ್ಕ ನಿನಗೆ ಬಿಟ್ಟಿದ್ದು. ಪ್ಯಾಕಿಂಗ್ ನನಗೆ ಬಿಡು."

ಸಾಹೇಬರ ಬ್ರಹ್ಮಾಸ್ತ್ರ ಹೊರಬಂದದ್ದು ಆಗಲೇ. ದೊರೆಸಾನಿಯ ಹತ್ತಿ ತುಂಬಿದ ರಜಾಯಿ, ಇಪ್ಪತ್ತೆರಡು ಫ್ರಾಕು, ಆರು ಸ್ವೆಟರು, ಮೂರು ಟವೆಲು ಎಲ್ಲವನ್ನೂ ಪ್ಲಾಸ್ಟಿಕ್ ಚೀಲಗಳಿಗೆ ತುರುಕಿ, ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಇಟ್ಟು ಗುಂಡಿ ಒತ್ತಿದರು. ಭುರ್ರೆಂದು ಸದ್ದಾಯಿತು. ಬೆಟ್ಟದಂತಿದ್ದ ರಜಾಯಿ ಕಣ್ಣೆದುರೇ ಕುಗ್ಗಿ ಕುಗ್ಗಿ ರಟ್ಟಿನಂತೆ ಚಪ್ಪಟೆಯಾಯಿತು. ಅದು ಕುಗ್ಗಿದಷ್ಟೂ ಸಾಹೇಬರ ಎದೆ ಉಬ್ಬಿತು.

"ನೋಡಿದ್ಯಾ! ಹಾಸಿಗೆ ಹೋಗಿ ಪುಸ್ತಕ ಆಯ್ತು!"

"ಚೆನ್ನಾಗಿದೆ. ಅಲ್ಲಿ ಬಿಚ್ಚಿದ ಮೇಲೆ ವಾಪಸ್ ಬರುವಾಗ ಏನ್ಮಾಡ್ತೀರಿ?"

"ನಿಮ್ಮಮ್ಮನ ಮನೇಲಿ ವ್ಯಾಕ್ಯೂಮ್ ಕ್ಲೀನರ್ ಇಲ್ವಾ?"

"ಪೊರಕೆ ಇದೆ."

ಸಾಹೇಬರು ಆಮೇಲಿನ ಮಾತು ಆಮೇಲೆ ಎಂದು ಮುಂದುವರಿದರು. ಚಪ್ಪಟೆಯಾದ ಗಂಟುಗಳಲ್ಲಿ ರಜಾಯಿಯದು ಕೈಚೀಲ ಸೇರಿತು, ಉಳಿದವು ದೊಡ್ಡ ಸೂಟ್‌ಕೇಸುಗಳನ್ನು ಸೇರಿದವು. ಐವತ್ತಾರು ಡೈಪರೂ ಒಟ್ಟಿಗೇ ಒಂದು ಸೂಟ್‌ಕೇಸಿಗೆ ಹೋದವು. ಒಂದು ಜಾತಿಯ ಸರಕು ಒಂದೇ ಪೆಟ್ಟಿಗೆಯಲ್ಲಿರಬೇಕು ಎಂಬುದು ಕಾರ್ಖಾನೆಯ ಕಟ್ಟುನಿಟ್ಟಿನ ನಿಯಮ. ಎಲ್ಲದರ ಸುತ್ತ ಟೇಪು ಸುತ್ತಿ, 'ಒಡೆಯುವ ವಸ್ತು, ಎಚ್ಚರಿಕೆ' ಎಂಬ ಕೆಂಪು ಚೀಟಿ ಅಂಟಿಸಿದ್ದೂ ಆಯಿತು.

ಆ ಬಳಿಕ ತೂಕ. ಒಂದು ಸೂಟ್‌ಕೇಸಿಗೆ ಹದಿನೈದು ಕಿಲೋ ಮಾತ್ರ.

"ಗಾಳಿ ತೆಗೆದ್ರೆ ಗಾತ್ರ ಕಡಿಮೆಯಾಗತ್ತೆ, ತೂಕ ಅಲ್ಲ. ಇದು ಗೊತ್ತಿದೆ ತಾನೇ?" ಟೀಚರಮ್ಮ ಮೆಲ್ಲಗೆ ನೆನಪಿಸಿದರು.

"ನನಗೆ ತೂಕದ ಪಾಠ ಹೇಳ್ತೀಯಾ?" ಎಂದು ಸಾಹೇಬರು ಬಚ್ಚಲುಮನೆಯ ತೂಕದ ಯಂತ್ರವನ್ನು ನಡುಮನೆಗೆ ತಂದಿಟ್ಟರು. ಸೂಟ್‌ಕೇಸನ್ನು ಎದೆಗವಚಿಕೊಂಡು ಅದರ ಮೇಲೆ ನಿಂತು, ಅಂಚಿನಿಂದ ಕೊಕ್ಕರೆಯಂತೆ ಕತ್ತು ಚಾಚಿ ಇಣುಕಿದರು. ಅವರ ಸ್ವಂತ ತೂಕ ಎಪ್ಪತ್ತೆರಡು ಕಳೆದರೆ ಹದಿನಾರು. ಒಂದು ಕಿಲೋ ಜಾಸ್ತಿ! ಇಳಿದು, ಟೇಪು ಹರಿದು, ತಮ್ಮ ಎರಡು ಶರ್ಟು ತೆಗೆದು ಸೋಫಾದ ಮೇಲೆಸೆದು ಮತ್ತೆ ಹತ್ತಿದರು. ಹದಿನೇಳೂವರೆ!

"ಇದೇನೇ ಇದು? ತೆಗೆದ್ರೆ ಜಾಸ್ತಿ ಆಗ್ತಿದೆ!"

ಮತ್ತೆ ಇಳಿದರು. ಈ ಸಲ ಪ್ಯಾಂಟು ಹೊರಬಿತ್ತು. ಹತ್ತಿದರು. ಹತ್ತೊಂಬತ್ತು! ಉಳಿದ ಶರ್ಟು, ಪೈಜಾಮ, ಒಳ ಅಂಗಿ, ಕಡೆಗೆ ಹಲ್ಲುಜ್ಜುವ ಬ್ರಷ್ಷು ಸಹ ಸೋಫಾಕ್ಕೆ ಹೋದವು. ತಮ್ಮದೆಂಬುದು ಸೂಟ್‌ಕೇಸಿನೊಳಗೆ ಒಂದು ದಾರದ ಎಳೆಯೂ ಇಲ್ಲ ಎಂದಾದ ಮೇಲೆ ಹತ್ತಿ ನೋಡಿದರೆ ಇಪ್ಪತ್ತೆರಡು! ಸಾಹೇಬರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

"ಈ ಯಂತ್ರಕ್ಕೆ ತಲೆ ಕೆಟ್ಟಿದೆ!"

"ರೀ," ಎಂದರು ಟೀಚರಮ್ಮ. ಅವರ ದನಿ ಯಾಕೋ ನಡುಗುತ್ತಿತ್ತು. "ಅಲುಗಾಡಬೇಡಿ. ಮೆಲ್ಲಗೆ ಹಿಂದೆ ನೋಡಿ."

ಸಾಹೇಬರು ಸೂಟ್‌ಕೇಸಿನ ಸಮೇತ ಕತ್ತು ಹೊರಳಿಸಿದರು. ಅವರ ಪ್ಯಾಂಟಿನ ಹಿಂಬದಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಯಂತ್ರದ ಅಂಚಿನ ಮೇಲೆ ಎರಡೂ ಪಾದವೂರಿ ದೊರೆಸಾನಿ ನಿಂತಿದ್ದಳು. ಹೌದು, ನಿಂತಿದ್ದಳು! ನಿನ್ನೆಯವರೆಗೆ ಅಂಬೆಗಾಲಿಟ್ಟು ನೆಲ ಒರೆಸುತ್ತಿದ್ದವಳು ಹುಟ್ಟಿದಂದಿನಿಂದ ಮೊದಲ ಸಲ ತನ್ನ ಕಾಲ ಮೇಲೆ ತಾನು ನಿಂತು, ಅಪ್ಪನನ್ನು ನೋಡಿ ಎರಡೂವರೆ ಹಲ್ಲು ಬಿಟ್ಟಳು.

ಸೂಟ್‌ಕೇಸು ಧಡಾರನೆ ಕೆಳಗೆ ಬಿತ್ತು. ಅಪ್ಪ ಮಗಳನ್ನು ಎತ್ತಿ ಮೂರು ಸುತ್ತು ತಿರುಗಿದರು. ಅಮ್ಮ ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ನಿಲ್ಲು ಪುಟ್ಟಾ", "ಇಲ್ಲಿ ನಿಲ್ಲು ಕಂದಾ", "ಫೋನು ಎಲ್ಲಿ, ಫೋಟೋ ತೆಗಿ" ಎಂದು ಮನೆಯೆಲ್ಲ ಗದ್ದಲವಾಯಿತು. ಆ ಸಡಗರದಲ್ಲಿ ಹತ್ತು ಗಂಟೆ ಹೊಡೆದದ್ದು ಯಾರಿಗೂ ಗೊತ್ತಾಗಲಿಲ್ಲ. ಹತ್ತೂವರೆಗೆ ಟ್ಯಾಕ್ಸಿಯವನು ಹಾರ್ನ್ ಬಿಟ್ಟು ಬಾಗಿಲನ್ನೇ ಬಡಿದ.

"ಸಾರ್, ಅರ್ಧ ಗಂಟೆಯಿಂದ ಕಾಯ್ತಿದ್ದೀನಿ! ವಿಮಾನ ನಿಮ್ಮದೋ ನನ್ನದೋ?"

ಕೈಗೆ ಸಿಕ್ಕಿದ್ದಕ್ಕೆ ಸಿಕ್ಕಂತೆ ಟೇಪು ಸುತ್ತಿ, ಮಗುವನ್ನೆತ್ತಿಕೊಂಡು ಇಬ್ಬರೂ ಓಡಿದರು. ಸಾಹೇಬರ ಬಟ್ಟೆಬರೆ ಸೋಫಾದ ಮೇಲೆ ಆರಾಮವಾಗಿ ಕಾಲು ಚಾಚಿಕೊಂಡು ಉಳಿದವು.

ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸುಗಳೇನೋ ತಕರಾರಿಲ್ಲದೆ ಒಳಗೆ ಹೋದವು. ಟಿಕೆಟ್ ನೋಡುವ ಹುಡುಗಿ ಸಾಹೇಬರ ಬೆನ್ನಿನ ಕಡೆ ನೋಡಿ ತುಟಿ ಕಚ್ಚಿಕೊಂಡಳು. ಟೀಚರಮ್ಮ ಹಿಂದಕ್ಕೆ ಬಂದು ನೋಡಿದರೆ ಅಂಗಿಯ ನಟ್ಟನಡುವೆ 'ಒಡೆಯುವ ವಸ್ತು, ಎಚ್ಚರಿಕೆ' ಎಂಬ ಕೆಂಪು ಚೀಟಿ! ಅದನ್ನು ಅಂಟಿಸಿದ ಪುಟ್ಟ ಕೈ ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

ಅಸಲಿ ಪ್ರಸಂಗ ನಡೆದದ್ದು ತಪಾಸಣೆಯ ಮೇಜಿನಲ್ಲಿ. ಕೈಚೀಲ ಯಂತ್ರದೊಳಗೆ ಹೋದದ್ದೇ ತಡ, ಬೆಲ್ಟು ಗಕ್ಕನೆ ನಿಂತಿತು. ಇಸ್ತ್ರಿ ಮಾಡಿದ ಸಮವಸ್ತ್ರದ ಅಧಿಕಾರಿ ಮೇಡಂ ಪರದೆಯನ್ನು ನೋಡಿದರು, ಸಾಹೇಬರನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು.

"ಇಟ್ಟಿಗೆ ತರಹ ಗಟ್ಟಿಯಾಗಿ ಏನೋ ಇದೆಯಲ್ಲ? ಏನದು?"

"ರಜಾಯಿ ಮೇಡಂ."

"ರಜಾಯಿ ಇಷ್ಟು ಗಟ್ಟಿ ಇರುತ್ತಾ? ಬಿಚ್ಚಿ ತೋರಿಸಿ."

ಬಿಚ್ಚಿದರೆ ಮತ್ತೆ ತುಂಬುವುದು ಹೇಗೆ? ಸಾಹೇಬರು ಎರಡೂ ಕೈ ಚೀಲದ ಮೇಲೆ ಅಡ್ಡ ಹಿಡಿದು ಕೂಗಿಯೇಬಿಟ್ಟರು:

"ಅಯ್ಯೋ, ಬಿಚ್ಚಬೇಡಿ ಮೇಡಂ! ಬಿಚ್ಚಿದ್ರೆ ಸಿಡಿಯುತ್ತೆ!"

ಯಾವ ಮಾತನ್ನು ಎಲ್ಲಿ ಆಡಬಾರದೋ ಆ ಮಾತನ್ನು ಅಲ್ಲಿಯೇ, ಅದೂ ಗಂಟಲು ಹರಿಯುವಂತೆ ಆಡಿದ ಕೀರ್ತಿ ಸಾಹೇಬರದು. ಹಿಂದಿದ್ದ ಸಾಲು ಹತ್ತು ಹೆಜ್ಜೆ ಹಿಂದೆ ಸರಿಯಿತು. ಮೂರು ಜನ ಅಧಿಕಾರಿಗಳು ಮೂರು ದಿಕ್ಕಿನಿಂದ ಬಂದರು. ಒಬ್ಬರು ಹಗ್ಗ ಕಟ್ಟಿದ ನಾಯಿಯನ್ನೂ ಹಿಡಿದಿದ್ದರು. ನಾಯಿಯನ್ನು ಕಂಡು ದೊರೆಸಾನಿ ಚಪ್ಪಾಳೆ ತಟ್ಟಿದಳು.

"ಅವರು ಹೇಳಿದ್ದು ಗಾಳಿ ವಿಷಯ ಮೇಡಂ," ಎಂದು ಟೀಚರಮ್ಮ ಮುಂದೆ ಬಂದರು. "ಒಳಗಿದ್ದ ಗಾಳಿ ತೆಗೆದಿದ್ದಾರೆ ಅಷ್ಟೇ. ತಲೇಲಿ ಮಾತ್ರ ಹಾಗೇ ಉಳಿದಿದೆ."

ವಿಚಾರಣೆ ಶುರುವಾಯಿತು. ಹೆಸರು, ಉದ್ಯೋಗ, ಪ್ಲಾಸ್ಟಿಕ್ ಎಲ್ಲಿಂದ ಬಂತು, ಟೇಪು ಯಾಕೆ ಇಷ್ಟು. ಗೋಡೆಯ ಗಡಿಯಾರ ಹನ್ನೆರಡು ದಾಟಿತು. ಒಂದು ಗಂಟೆಗೆ ವಿಮಾನ. ಆವರೆಗೂ ಕೆಣಕುತ್ತಲೇ ಇದ್ದ ಟೀಚರಮ್ಮ ಈಗ ಮಾತು ನಿಲ್ಲಿಸಿ, ಮಗುವನ್ನು ಭುಜಕ್ಕೆ ಹಾಕಿಕೊಂಡು ಒಂದು ಕುರ್ಚಿಯ ತುದಿಯಲ್ಲಿ ಕೂತರು. ಹೆಂಡತಿ ಬೈದಾಗ ಸಾಹೇಬರಿಗೆ ಯಾವತ್ತೂ ಭಯವಾಗಿರಲಿಲ್ಲ. ಈಗ ಆಯಿತು.

"ಯಾಕೇ, ಏನಾದ್ರೂ ಅನ್ನು."

"ಅಜ್ಜಿ ನಾಲ್ಕು ದಿನದಿಂದ ಡಬ್ಬಿ ಹಿಡ್ಕೊಂಡು ಕೂತಿದಾರೆ," ಎಂದರು ಟೀಚರಮ್ಮ, ಅವರ ಮುಖ ನೋಡದೆ. "ಇವತ್ತು ಬೆಳಿಗ್ಗೆ ಹೊಸ ಸೀರೆ ಉಟ್ಟಿದಾರಂತೆ."

ಸಾಹೇಬರು ನೇರವಾಗಿ ಅಧಿಕಾರಿ ಮೇಡಂ ಎದುರು ಹೋಗಿ ನಿಂತರು. "ಮೇಡಂ, ನನಗೆ ಪ್ಯಾಕಿಂಗ್ ಬರುತ್ತೆ, ಮಾತಾಡೋಕೆ ಬರಲ್ಲ. ನೀವೆಲ್ಲ ದೂರ ನಿಂತ್ಕೊಳ್ಳಿ, ನಾನೇ ಬಿಚ್ತೀನಿ. ಏನಾದ್ರೂ ಆದ್ರೆ ನನಗೇ ಆಗಲಿ."

ತಮ್ಮ ಕೈಯಾರೆ ಸುತ್ತಿದ ಟೇಪನ್ನು ತಮ್ಮ ಉಗುರಿನಿಂದಲೇ ಕಿತ್ತರು. ಚೀಲದ ಬಾಯಿ ತೆರೆದುಕೊಂಡಿತು. 'ಫು...ಸ್ಸ್ಸ್' ಎಂದು ದೀರ್ಘ ನಿಟ್ಟುಸಿರೊಂದು ಕೇಳಿ, ಚಪ್ಪಟೆ ಗಂಟು ಮೆಲ್ಲಗೆ ಮೈಮುರಿದು ಎದ್ದಿತು. ರಜಾಯಿ ಉಬ್ಬಿತು, ಇನ್ನೂ ಉಬ್ಬಿತು, ಮೇಜು ತುಂಬಿ ಅಂಚಿನಿಂದ ಇಳಿಯಿತು. ಅದರ ಮಡಿಕೆಯಿಂದ ಹಳದಿ ಫ್ರಾಕೊಂದು ಜಾರಿ ನೇರ ನಾಯಿಯ ತಲೆಯ ಮೇಲೆ ಬಿತ್ತು. ನಾಯಿ ಫ್ರಾಕಿನ ಕುತ್ತಿಗೆಯಿಂದ ಮೂಗು ತೂರಿಸಿ ಸುತ್ತ ನೋಡಿತು.

ದೊರೆಸಾನಿ ನಕ್ಕಳು. ಹೊಟ್ಟೆಯಾಳದಿಂದ ಉಕ್ಕಿ ಬಂದು, ಮೈಯೆಲ್ಲ ಕುಣಿಸಿ, ಬಿಕ್ಕಳಿಕೆ ತರಿಸುವಂಥ ನಗು ಅದು. ಸಾಲಿನಲ್ಲಿದ್ದವರಿಗೂ ಅದು ಅಂಟಿತು. ಕಡೆಗೆ ಅಧಿಕಾರಿ ಮೇಡಂ ಕೂಡ ಬಾಯಿಗೆ ಕೈ ಅಡ್ಡ ಹಿಡಿದರು.

"ನಮ್ಮನೇಲೂ ಒಂದು ಇದೆ, ಹನ್ನೊಂದು ತಿಂಗಳದ್ದು," ಎಂದರು ಅವರು. "ಹೋಗಿ ಸಾರ್, ಓಡಿ. ಇನ್ಮೇಲೆ ಎಲ್ಲಿಗೆ ಹೋದ್ರೂ ಮಾತಾಡೋ ಕೆಲಸ ನಿಮ್ಮನೆಯವರಿಗೆ ಬಿಟ್ಟುಬಿಡಿ."

ಓಡುವುದೇನೋ ಸರಿ. ಬಿಚ್ಚಿದ್ದು ಮತ್ತೆ ಚೀಲದೊಳಗೆ ಹೋಗಬೇಕಲ್ಲ! ಹದಿನಾಲ್ಕು ವರ್ಷದ ಅನುಭವ, ಮಂಡಿ, ಮೊಣಕೈ, ಹೊಟ್ಟೆ ಎಲ್ಲವನ್ನೂ ಊರಿ ಒತ್ತಿದರೂ ಅರ್ಧದಷ್ಟೇ ಒಳಗೆ ಹೋಯಿತು. ಉಳಿದದ್ದನ್ನು ಸಾಹೇಬರು ಮೈಮೇಲೆ ಹೇರಿಕೊಂಡರು. ರಜಾಯಿ ಬೆನ್ನಿಗೆ, ಟವೆಲು ಕೊರಳಿಗೆ, ಸ್ವೆಟರು ಕಂಕುಳಿಗೆ. ವಿಮಾನದ ಬಾಗಿಲು ಮುಚ್ಚಲು ಎರಡು ನಿಮಿಷವಿದ್ದಾಗ ಗಗನಸಖಿಯ ಎದುರು ಬಟ್ಟೆಯ ರಾಶಿಯೊಂದು ಏದುಸಿರು ಬಿಡುತ್ತಾ ಬಂದು ನಿಂತಿತು. ಒಳಗೆ ಮನುಷ್ಯನಿದ್ದಾನೆ ಎಂದು ಟೀಚರಮ್ಮ ಪರಿಚಯ ಮಾಡಿಕೊಡಬೇಕಾಯಿತು.

ವಿಮಾನ ಮೋಡದ ಮೇಲೆ ಹೋಗುತ್ತಲೇ ದೊರೆಸಾನಿ ಮುಖ ಕೆಂಪಗೆ ಮಾಡಿದಳು. ಆ ಬಣ್ಣದ ಅರ್ಥ ಇಬ್ಬರಿಗೂ ಗೊತ್ತಿತ್ತು.

"ಡೈಪರ್ ಕೊಡ್ರೀ."

ಸಾಹೇಬರು ಕೈಚೀಲ ತಡಕಾಡಿದರು. ಇನ್ನೊಮ್ಮೆ ತಡಕಾಡಿದರು. ಆಮೇಲೆ ಕಾಲ ಕೆಳಗಿನ ನೆಲವನ್ನೇ ದಿಟ್ಟಿಸಿದರು. "ಇಲ್ಲೇ ಇದಾವೆ ಕಣೇ. ನಮ್ಮ ಕಾಲ ಕೆಳಗೇ. ಸಾಮಾನಿನ ಗೂಡಲ್ಲಿ."

"ಐವತ್ತಾರೂ?"

"ಐವತ್ತಾರೂ."

ಟೀಚರಮ್ಮ ಉದ್ದಕ್ಕೆ ಉಸಿರೆಳೆದುಕೊಂಡರು. ಬೈಗುಳ ಬರುತ್ತದೆಂದು ಸಾಹೇಬರು ಕಣ್ಣು ಮುಚ್ಚಿದರೆ, ಬಂದದ್ದು ತಡೆಯಲಾರದ ನಗು. "ಹೋಗಿ, ಯಾರಾದ್ರೂ ತಾಯಿ ಇದಾರಾ ನೋಡಿ, ಒಂದು ಕೇಳ್ಕೊಂಡು ಬನ್ನಿ."

ಮೂರು ಸಮುದ್ರ ದಾಟಿಸಿದ ಕೈಗಳನ್ನು ಮುಂದೆ ಚಾಚಿಕೊಂಡು ಪೆಟ್ಟಿಗೆ ಸಾಹೇಬರು ಸೀಟುಗಳ ನಡುವೆ ಡೈಪರ್ ಬೇಡುತ್ತಾ ಹೊರಟರು. ಹತ್ತೊಂಬತ್ತನೆಯ ಸಾಲಿನಲ್ಲಿ ಅವಳಿ ಮಕ್ಕಳನ್ನು ಎರಡು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಹೆಂಗಸೊಬ್ಬರು, ಸೀಟಿನಡಿಯ ಸಣ್ಣ ಬಟ್ಟೆಯ ಚೀಲದಿಂದ ಒಂದೇ ಕೈಯಲ್ಲಿ ಡೈಪರ್ ತೆಗೆದುಕೊಟ್ಟರು.

"ನಿಮಗೆ ಇದು ಮೊದಲನೇ ಮಗುನಾ?"

"ಹೌದಮ್ಮ. ಹೇಗೆ ಗೊತ್ತಾಯ್ತು?"

ಆ ತಾಯಿ ಅವರ ಬೆನ್ನ ಮೇಲಿನ ರಜಾಯಿಯನ್ನು ನೋಡಿ, "ಹೀಗೇ," ಎಂದರು.

ಸಾಹೇಬರು ಮರಳಿ ಬಂದು, ಡೈಪರ್ ಬದಲಾಯಿಸಿದ ಮೇಲೆ ಮಗಳನ್ನು ಎತ್ತಿಕೊಂಡು, ಗೆದ್ದೆನೆಂಬ ಖುಷಿಯಲ್ಲಿ ಒಮ್ಮೆ ಮೇಲಕ್ಕೆ ತೂರಿ ಹಿಡಿದರು. ಹಾಲು ಕುಡಿದು ಐದು ನಿಮಿಷವಾಗಿದ್ದ ದೊರೆಸಾನಿ ಆ ಪ್ರೀತಿಗೆ ಪ್ರತಿಯಾಗಿ ಕುಡಿದದ್ದನ್ನೆಲ್ಲ ಅಪ್ಪನ ಅಂಗಿಗೆ ಧಾರೆ ಎರೆದಳು. ಕಾಲರಿನಿಂದ ಬೆಲ್ಟಿನವರೆಗೆ!

"ಬೇರೆ ಶರ್ಟ್ ಹಾಕ್ಕೊಳ್ಳಿ, ಇಳಿದ ಮೇಲೆ ತೆಗೆದುಕೊಡ್ತೀನಿ," ಎಂದರು ಟೀಚರಮ್ಮ.

ಸಾಹೇಬರು ಕಿಟಕಿಯಾಚೆಯ ಮೋಡ ನೋಡುತ್ತಾ, "ಸೋಫಾ ಮೇಲಿದೆ," ಎಂದರು.

ಊರಿಗಿಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಿಯ ವಾಸನೆ ತಡೆಯಲಾರದೆ ಟ್ಯಾಕ್ಸಿಯವನು ಮೂಗು ಮುಚ್ಚಿದ. ಬೇರೆ ದಾರಿಯಿಲ್ಲದೆ ಸಾಹೇಬರು ಅಂಗಿ ಕಳಚಿ ಬರೀ ಬನಿಯನ್ನಿನಲ್ಲಿ ಕೂತರು. ಮನೆಯ ಮುಂದೆ ಇಳಿದು, ಬಿಸಿಲಿಗೆ ತಲೆಗೆ ಟವೆಲು ಸುತ್ತಿ, ಎರಡು ಕೈಗೆ ಎರಡು ಸೂಟ್‌ಕೇಸು, ಕೊರಳಿಗೆ ಕೈಚೀಲ, ಹೆಗಲಿಗೆ ರಜಾಯಿ ಏರಿಸಿಕೊಂಡು ಹೆಜ್ಜೆ ಹಾಕಿದರು. ಟೀಚರಮ್ಮ ಮಗುವಿನೊಂದಿಗೆ ಆಗಲೇ ಒಳಗೆ ಓಡಿದ್ದರು.

ನಡುಮನೆಯ ಕುರ್ಚಿಯಲ್ಲಿ ಹೊಸ ಸೀರೆಯುಟ್ಟು ಅಜ್ಜಿ ಕೂತಿದ್ದರು. ಮಗುವನ್ನು ಮಡಿಲಿಗಿಟ್ಟಾಗ ಮೊದಲು ಕೈಯಿಂದಲೇ ಕೆನ್ನೆ, ಕಿವಿ, ಕಾಲ್ಬೆರಳು ಸವರಿದರು. ಡಬ್ಬಿ ತೆರೆದರು. ಕನ್ನಡಕ ಏರಿಸಿದರು. ದೊರೆಸಾನಿಯೂ ಆ ದಪ್ಪ ಗಾಜಿನ ಹಿಂದಿನ ದೊಡ್ಡ ಕಣ್ಣುಗಳನ್ನೇ ನೋಡಿದಳು.

"ಅಯ್ಯೋ ನನ್ನ ಬಂಗಾರ," ಎಂದರು ಅಜ್ಜಿ. "ಎಡಗೆನ್ನೇಲಿ ಗುಳಿ ಇದೆ ಕಣ್ರೇ. ನನಗೆ ಯಾರೂ ಹೇಳೇ ಇರಲಿಲ್ಲ."

ಟೀಚರಮ್ಮ, ಅವರ ಅಮ್ಮ ಇಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬಾಗಿಲಲ್ಲಿ ಹೊರೆ ಹೊತ್ತು ನಿಂತ ಸಾಹೇಬರ ಕಣ್ಣೂ ಮಂಜಾಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಆಗ ಅಜ್ಜಿಯ ನೋಟ ಬಾಗಿಲ ಕಡೆ ಹೊರಳಿತು.

"ಪಾಪ, ಬಿಸಿಲಲ್ಲಿ ಹೊತ್ಕೊಂಡು ಬಂದಿದಾನೆ. ಆ ಹಮಾಲಿಗೆ ಮೊದಲು ಒಂದು ಲೋಟ ನೀರು ಕೊಡ್ರೇ."

ಟೀಚರಮ್ಮ ಅಜ್ಜಿಯ ಕಿವಿಯ ಹತ್ತಿರ ಬಾಗಿದರು. "ಅಜ್ಜೀ, ಹಮಾಲಿ ಅಲ್ಲ. ಅವರೇ ನನ್ನ ಯಜಮಾನರು. ಮದುವೇಲಿ ನಿನಗೆ ಸರಿಯಾಗಿ ಕಂಡಿರಲಿಲ್ಲ ಅಷ್ಟೇ."

ಅಜ್ಜಿ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಟವೆಲಿನಿಂದ ಬನಿಯನ್ನಿಗೆ, ಬನಿಯನ್ನಿನಿಂದ ರಜಾಯಿಗೆ, ರಜಾಯಿಯಿಂದ ಮತ್ತೆ ಟವೆಲಿಗೆ ಸಾವಕಾಶವಾಗಿ ಕಣ್ಣಾಡಿಸಿದರು. ಆಮೇಲೆ ಕನ್ನಡಕ ತೆಗೆದು, ಮಡಚಿ, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು.

"ಇರಲಿ ಬಿಡು ಮಗಳೇ," ಎಂದರು. "ಇವರ ಮಟ್ಟಿಗೆ ನನಗೆ ಹಳೇ ಕಣ್ಣೇ ಸಾಕು."